ಬದುಕಿದ್ದವನಿಗೆ ತಂದ ಹಂದಿ

ನನ್ನ ಗಂಡನ ಕುಲದವರಿಗೆ ಬುದ್ಧಿ ಇಲ್ಲ ಎಂದು ನಾನು ಮದುವೆಯಾಗಿ ಬಂದ ವಾರದಿಂದಲೇ ಹೇಳುತ್ತಿದ್ದೇನೆ. ಹೊಳೆಯಾಚೆಯ ಹೆಣ್ಣು, ಬಾಯಿ ಜೋರು, ಅನ್ನಲಿ ಬಿಡು ಎಂದು ಅವರು ಸುಮ್ಮನಿದ್ದರು. ಆ ಬುದ್ಧಿಗೇಡಿಗಳು ಬದುಕಿದ್ದ ನನ್ನ ತಮ್ಮನಿಗೆ ಸತ್ತವರ ಹಂದಿ ತಂದುಕೊಟ್ಟ ದಿನ ನನ್ನ ಮಾತು ನಿಜವಾಯಿತು. ನಿಜವಾಗಿ ನನಗೆ ಸಿಕ್ಕಿದ್ದೇನು? ಹೊಟ್ಟೆಯೊಳಗೆ ಕೂತು ಇವತ್ತಿಗೂ ಎದ್ದು ಹೋಗದ ಒಂದು ಹೆದರಿಕೆ.

ನಮ್ಮ ಕಣಿವೆಯ ನಡುವೆ ವಾಘಿ ಹೊಳೆ ಹರಿಯುತ್ತದೆ. ಒಂದು ದಡದಲ್ಲಿ ಮೊಗಿಕಾ ಕುಲ, ನನ್ನ ಗಂಡನದು. ಇನ್ನೊಂದು ದಡದಲ್ಲಿ ರೊಪಿಕಾ ಕುಲ, ನನ್ನ ತವರು. ನಾವು ಯಾರ ಜೊತೆ ಹೊಡೆದಾಡುತ್ತೇವೋ ಅವರ ಮನೆಯಿಂದಲೇ ಹೆಣ್ಣು ತರುವವರು. ಜಗಳ ಹತ್ತಿದಾಗ ಗಂಡಸರು ಸೇತುವೆ ದಾಟುವಂತಿಲ್ಲ. ನಮ್ಮಂಥ ಕೊಟ್ಟ ಹೆಣ್ಣುಮಕ್ಕಳು ದಾಟಬಹುದು, ಅತ್ತಲ ಮಾತು ಇತ್ತ, ಇತ್ತಲದು ಅತ್ತ ಹೊರಬಹುದು. ನಮ್ಮ ಮೇಲೆ ಕೈ ಮಾಡಬಾರದು ಎಂಬುದು ಕಟ್ಟಳೆ. ಕಟ್ಟಳೆ ಬಾಣಕ್ಕೆ ಗೊತ್ತಿರುವುದಿಲ್ಲ ಕಣೇ ಎಂದು ನನ್ನಜ್ಜಿ ಹೇಳುತ್ತಿದ್ದಳು.

ನನ್ನ ಗಂಡ ರೂಬನ್. ರಗ್ಬಿ ಲೀಗ್ ಆಡುವುದೇ ಅವನ ಕಸುಬು. ಹುಡುಗನಾಗಿದ್ದಾಗ ಪ್ಲಾಸ್ಟಿಕ್ ಬಾಟಲಿಗೆ ಹುಲ್ಲು ತುರುಕಿ ಚೆಂಡು ಮಾಡಿಕೊಂಡು, ಕಾಫಿ ಒಣಗಿಸುವ ಕಣದಲ್ಲಿ ಬರಿಗಾಲಲ್ಲಿ ಆಡಿದವನು. ಮೀಸೆ ಮೂಡುವ ಹೊತ್ತಿಗೆ ಲಾಯ್ ಪಟ್ಟಣದ ಕ್ಲಬ್ಬಿನವರು ಕರೆದೊಯ್ದರು. ಆಮೇಲೆ ರಾಜಧಾನಿ ಮೊರೆಸ್ಬಿಯ ಕ್ಲಬ್ಬಿನವರು. ಒಂದು ಸಲ ದೇಶದ ಅಂಗಿಯನ್ನೂ ತೊಟ್ಟ. ಆಟ ಮುಗಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಒಳಗೆ ಕಳಿಸಿದ್ದರಂತೆ, ಚೆಂಡು ಕೈಗೆ ಸಿಕ್ಕಿದ್ದು ಒಂದೇ ಸಲ. ಆ ಒಂದು ಸಲವನ್ನು ನಮ್ಮ ಮಾವನ ತಮ್ಮ ವಾಂಪ ಮುದುಕ ಪ್ರತಿ ಮದುವೆಯಲ್ಲೂ ಪ್ರತಿ ಸಾವಿನಲ್ಲೂ ಎದ್ದು ನಿಂತು ಹೇಳುತ್ತಾನೆ, ಕೇಳಿ ಕೇಳಿ ನಮ್ಮ ಹಂದಿಗಳಿಗೂ ಬಾಯಿಪಾಠವಾಗಿದೆ.

ಹೊರಗಿನವರು ನೋಡುವುದು ಅಂಗಿ ಮಾತ್ರ. ಒಳಗಿನದನ್ನು ಕಂಡವಳು ನಾನು. ವರ್ಷ ವರ್ಷವೂ ಕ್ಲಬ್ಬಿನವರು ಹೊಸದಾಗಿ ಕರಾರು ಮಾಡಬೇಕು. ಕರೆಯುತ್ತಾರೋ ಇಲ್ಲವೋ ಎಂದು ಮಳೆಗಾಲವಿಡೀ ಕಾಯಬೇಕು. ಮಂಡಿ ಪ್ರತಿ ಪಂದ್ಯದ ಮರುದಿನ ಕುಂಬಳಕಾಯಿ. ನಾನು ಸೊಪ್ಪು ಬಿಸಿ ಮಾಡಿ ಕಟ್ಟುತ್ತಿದ್ದೆ, ಅವನು ಹಲ್ಲು ಕಚ್ಚಿ ಚಾವಣಿ ನೋಡುತ್ತಿದ್ದ. ಅವನ ಬೆನ್ನ ಮೇಲೆ ಇಡೀ ಮೊಗಿಕಾ ಕುಲ ಕೂತಿತ್ತು. ಯಾರದೋ ಮಗುವಿನ ಶಾಲೆ, ಯಾರದೋ ಹೆಂಡತಿಯ ಹೆರಿಗೆ, ಯಾರದೋ ಟ್ರಕ್ಕಿನ ಟೈರು, ಎಲ್ಲಕ್ಕೂ ರೂಬನ್. ಮೂವತ್ತು ಹತ್ತಿರ ಬಂತು. ಆ ಆಟದಲ್ಲಿ ಮೂವತ್ತು ಎಂದರೆ ಮುದುಕ.

ಇನ್ನು ನನ್ನ ತಮ್ಮ ಜೋಕಿಮ್. ಅವನನ್ನು ಹೆತ್ತ ಕೆಲವೇ ದಿನಕ್ಕೆ ನಮ್ಮವ್ವ ತೀರಿಕೊಂಡಳು. ನೂಲಿನ ಚೀಲದಲ್ಲಿ ಅವನನ್ನು ಹಾಕಿ, ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು, ಬೆನ್ನಿಗೆ ಜೋತುಹಾಕಿ ಗೆಣಸಿನ ತೋಟ ಕಳೆ ಕಿತ್ತವಳು ನಾನು. ನಾನು ಮದುವೆಯಾದ ಮೇಲೆ ಅವನಿಗೆ ಬಾವನ ಹುಚ್ಚು. “ಬಾವ, ಹೆಂಗೆ ಹಿಡೀಬೇಕು? ಬಾವ, ಹೆಂಗೆ ಬೀಳ್ಬೇಕು?” ಎಂದು ಸೇತುವೆ ದಾಟಿ ದಾಟಿ ಬರುತ್ತಿದ್ದ. ರೂಬನ್ ಎಲ್ಲವನ್ನೂ ಕಲಿಸಿದ. ಒಂದು ದಿನ ಹಿತ್ತಿಲಲ್ಲಿ ಕಲಿಸುತ್ತಿದ್ದವನು ಥಟ್ಟನೆ ನಿಂತು, “ಇವ್ನು ನನ್ನನ್ನೇ ದಾಟ್ಬಿಟ್ನಲ್ಲೇ” ಎಂದು ನಕ್ಕ. ನಾನೂ ನಕ್ಕೆ.

ಅಷ್ಟರಲ್ಲಿ ಸುದ್ದಿ ಬಂತು. ಕಡಲಾಚೆಯ ಕ್ವೀನ್ಸ್‌ಲ್ಯಾಂಡಿನ ಒಂದು ಕ್ಲಬ್ಬಿನ ಕೋಚು ಬರುತ್ತಾನೆ, ಒಂದು ಪರೀಕ್ಷೆಯ ಪಂದ್ಯ ಆಡಿಸುತ್ತಾನೆ, ಒಬ್ಬನನ್ನು ಆರಿಸಿ ಕರೆದುಕೊಂಡು ಹೋಗುತ್ತಾನೆ. ಅವನಿಗೆ ಬೇಕಾಗಿದ್ದುದು ಸಾಲಿನ ಹಿಂದೆ ನಿಂತು ನುಗ್ಗುವ ಆಳು. ಅದು ರೂಬನ್ನನ ಜಾಗ. ಜೋಕಿಮ್ಮನದೂ ಅದೇ ಜಾಗ. ಕಣಿವೆಯ ಹುಡುಗರನ್ನು ಎರಡು ತಂಡ ಮಾಡಿ ಆಡಿಸಿದರು, ಗಂಡ ಒಂದರಲ್ಲಿ, ತಮ್ಮ ಇನ್ನೊಂದರಲ್ಲಿ.

ಪಟ್ಟಣದ ಮೈದಾನದ ಬೇಲಿಯ ಪಕ್ಕ ಅಡಿಕೆ ಮಾರುವ ಹೆಂಗಸರ ಜೊತೆ ನಾನು ಕೂತಿದ್ದೆ. ಒಬ್ಬಳು ಸುಣ್ಣ ಹಚ್ಚುತ್ತ ಕೇಳಿದಳು. “ಯಾರ್ ಕಡೆ ಕೂಗ್ತೀಯೇ ಅಗಾಥಾ? ಗಂಡನ್ ಕಡೆನೋ ತಮ್ಮನ್ ಕಡೆನೋ?”

“ಚೆಂಡಿನ್ ಕಡೆ” ಎಂದೆ.

ಎಲ್ಲರೂ ಬಾಯಿ ಕೆಂಪು ಮಾಡಿಕೊಂಡು ನಕ್ಕರು. ಜೋಕಿಮ್ ಅವತ್ತು ಮನುಷ್ಯನ ಹಾಗೆ ಆಡುತ್ತಿರಲಿಲ್ಲ. ಹಿಡಿಯಲು ಬಂದವರು ಅವನ ಮೈಯಿಂದ ಉದುರಿಬೀಳುತ್ತಿದ್ದರು. ಎರಡು ಸಲ ಗೆರೆ ದಾಟಿ ಚೆಂಡು ನೆಲಕ್ಕೆ ಊರಿದ. ಬಿಳಿಯ ಕೋಚು ಎದ್ದು ನಿಂತು ಚಪ್ಪಾಳೆ ತಟ್ಟಿದ. ಆಗ ನಾನು ರೂಬನ್ನನ ಕಡೆ ನೋಡಿದೆ. ಅವನು ಮಂಡಿ ಹಿಡಿದು ಬಗ್ಗಿ ನಿಂತಿದ್ದ. ಚಪ್ಪಾಳೆ ತಟ್ಟುವ ಕೈಗಳನ್ನೇ ನೋಡುತ್ತಿದ್ದ.

ಮತ್ತೆ ಚೆಂಡು ಜೋಕಿಮ್ಮನಿಗೆ ಬಂತು. ಇಬ್ಬರು ಅವನನ್ನು ಎದೆಮಟ್ಟದಲ್ಲಿ ಅಪ್ಪಿ ಹಿಡಿದರು, ಅವನು ನಿಂತುಬಿಟ್ಟ. ಮೂರನೆಯವನಾಗಿ ರೂಬನ್ ಬಂದ. ಬಂದು ಬಗ್ಗಿದ್ದು ಕಂಡಿತು, ಜೋಕಿಮ್ಮನ ಕಾಲುಗಳು ಮೇಲೆ ಹೋದದ್ದು ಕಂಡಿತು, ಆಮೇಲೆ ನಾಲ್ವರೂ ಒಂದೇ ಗುಡ್ಡೆಯಾಗಿ ಬಿದ್ದರು. ರೆಫರಿ ಸೀಟಿ ಊದಿದ. ಒಬ್ಬೊಬ್ಬರೇ ಎದ್ದರು. ಜೋಕಿಮ್ ಏಳಲಿಲ್ಲ.

ನಾನು ಬೇಲಿ ಹಾರಿದ್ದು ನೆನಪಿಲ್ಲ. ಲಂಗ ಹರಿದಿದ್ದು ಆಸ್ಪತ್ರೆಗೆ ಹೋದ ಮೇಲೆ ಗೊತ್ತಾಯಿತು.

ಕತ್ತಿನ ಮೂಳೆಗೆ ಪೆಟ್ಟು, ಒಳಗೆ ಬಾವು ಎಂದರು ಡಾಕ್ಟರು. ಉಳಿಯುತ್ತಾನಾ ಎಂದು ಕೇಳಿದೆ. ಕಾದು ನೋಡಬೇಕು ತಾಯಿ ಎಂದರು. ಎಚ್ಚರವಿಲ್ಲ, ಕತ್ತಿಗೆ ಗಟ್ಟಿ ಪಟ್ಟಿ, ಮೂಗಿಗೆ ನಳಿಕೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಆರೈಕೆಗೆ ಮನೆಯವರೊಬ್ಬರು ಇರಬೇಕು. ವಾರ್ಡಿನ ಸಿಸ್ಟರ್ ನನ್ನನ್ನು ಇಟ್ಟುಕೊಂಡಳು. “ಗಂಡಸ್ರು ಬೇಡ. ಒಬ್ಬ ಬಂದ್ರೆ ಕುಲಕ್ಕೆ ಕುಲವೇ ಬರುತ್ತೆ, ಕೊಡಲಿ ಸಮೇತ” ಎಂದಳು. ಮಂಚದ ಕೆಳಗೆ ಚಾಪೆ ಹಾಸಿಕೊಂಡೆ.

ಗೇಟಿನ ಹೊರಗೆ ನನ್ನಪ್ಪ ಮೆಕ್, ಅವನ ಹಿಂದೆ ರೊಪಿಕಾದ ಗಂಡಸರು. ಅಪ್ಪ ಕೂಗುವವನಲ್ಲ. ಕೂಗುವವರನ್ನು ಕಂಡರೆ ನನಗೆ ಹೆದರಿಕೆಯಿಲ್ಲ, ನಾನೇ ಕೂಗುವವಳು. ಅಪ್ಪ ಸುಮ್ಮನೆ ಬೇಲಿಗೆ ಒರಗಿ ಕೂತು, ಕತ್ತಿಯಿಂದ ಒಂದು ಕೋಲನ್ನು ಹೆರೆಯುತ್ತಿದ್ದ. ಹೆರೆದು ಹೆರೆದು ಕೋಲು ಮುಗಿದರೆ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ.

“ಅವ್ನು ಹೋದ್ರೆ” ಎಂದ ನನಗೆ, “ಸೇತುವೆ ಮೇಲೆ ಯಾರ್ ಮೊದ್ಲು ಸಿಗ್ತಾರೋ ಅವ್ರು. ರೂಬನ್ನೇ ಆಗ್ಬೇಕು ಅಂತಿಲ್ಲ. ಹೋಗಿ ನಿನ್ ಗಂಡನ್ ಕಡೆಯೋರಿಗೆ ಹೇಳ್ಬಿಡು, ರಸ್ತೇಲಿ ತಿರುಗಾಡ್ಬೇಡಿ ಅಂತ.”

“ಅಪ್ಪ, ಅದು ಆಟ ಕಣಪ್ಪ.”

“ನನ್ ಮಗನ್ ಕತ್ತು ಆಟದ್ದಲ್ಲ.”

ಅದೇ ಹೊತ್ತಿಗೆ ಎರಡೂ ಊರಿನ ಮೊಬೈಲುಗಳಲ್ಲಿ ಆ ಪಂದ್ಯದ ವಿಡಿಯೋ ಓಡಾಡುತ್ತಿತ್ತು. ಯಾರೋ ಕೈ ನಡುಗಿಸಿಕೊಂಡು ತೆಗೆದದ್ದು. ಮುಖ್ಯ ಗಳಿಗೆಯಲ್ಲಿ ಮುಂದೆ ನಿಂತವನ ತಲೆ ಅಡ್ಡ. ಮೊಗಿಕಾದವರು ನೋಡಿದರೆ ಅದರಲ್ಲಿ ಜೋಕಿಮ್ ಜಾರಿದ್ದ. ರೊಪಿಕಾದವರು ನೋಡಿದರೆ ರೂಬನ್ ಎತ್ತಿ ಕುಕ್ಕಿದ್ದ. ನಾನು ಎಷ್ಟು ಸಲ ನೋಡಿದರೂ ನನಗೆ ಕಂಡದ್ದು ಆ ಅಡ್ಡ ನಿಂತವನ ಬೋಳು ತಲೆ. ಅವನನ್ನು ಹುಡುಕಿ ಹೊಡೆಯೋಣ ಎನ್ನಿಸುತ್ತಿತ್ತು.

ತಮ್ಮನಿಗೆ ಬಟ್ಟೆ ಬೇಕಿತ್ತು, ಅಪ್ಪನ ಮಾತನ್ನೂ ಮುಟ್ಟಿಸಬೇಕಿತ್ತು. ಸಿಸ್ಟರಿಗೆ ಹೇಳಿ ಗಂಡನ ಊರಿಗೆ ಹೋದೆ. ಹೆದ್ದಾರಿಯಲ್ಲಿ ಬಸ್ಸಿಳಿದಾಗಲೇ ಗೊತ್ತಾಯಿತು. ಹಾಡುಹಗಲು, ಊರಿನ ದಾರಿಯಲ್ಲಿ ನರಪಿಳ್ಳೆಯಿಲ್ಲ. ಕೆಂಪಾದ ಕಾಫಿ ಹಣ್ಣು ಗಿಡದಲ್ಲೇ ಉದುರುತ್ತಿತ್ತು. ಶಾಲೆಗೆ ಮಕ್ಕಳನ್ನು ಕಳಿಸಿರಲಿಲ್ಲ. ಮಾಸ್ತರರೇ ಕೊಡಲಿ ಹಿಡಿದು ಬೇಲಿ ಕಾಯುತ್ತಿದ್ದರು. ಗಂಡಸರು ನನ್ನ ಮುಖ ನೋಡಿದ ರೀತಿ ಹೇಗಿತ್ತೆಂದರೆ, ನನ್ನ ಹಣೆಯ ಮೇಲೆ ಸತ್ತನೋ ಬದುಕಿದನೋ ಎಂದು ಬರೆದುಕೊಂಡು ಬಂದಿದ್ದೇನೆ ಎನ್ನುವ ಹಾಗೆ. ಇನ್ನೂ ಇದ್ದಾನೆ ಎಂದೆ. ಅವರೆಲ್ಲ ಒಟ್ಟಿಗೆ ಉಸಿರುಬಿಟ್ಟರು.

ರೂಬನ್ ಒಳಮನೆಯಲ್ಲಿ ಒಲೆಯ ಪಕ್ಕ ಕೂತಿದ್ದ. ಮೈಮೇಲೆ ಅದೇ ಆಟದ ಅಂಗಿ. ನನ್ನನ್ನು ನೋಡಿ ದಡಬಡಿಸಿ ಎದ್ದ.

“ಬಾಯಿ ಬಿಟ್ನಾ? ಏನಾದ್ರೂ ಅಂದ್ನಾ?”

ಹೇಗಿದ್ದಾನೆ ಎಂದು ಕೇಳಲಿಲ್ಲ. ಬದುಕಿದ್ದಾನಾ ಎಂದೂ ಕೇಳಲಿಲ್ಲ. ಅಲ್ಲಿಯವರೆಗೆ ನನಗಿದ್ದ ಹೆದರಿಕೆ ಒಂದೇ, ತಮ್ಮ ಹೋದರೆ ಗಂಡನೂ ಹೋಗುತ್ತಾನೆ ಎಂಬುದು. ಆ ಕ್ಷಣ ಇನ್ನೊಂದು ಹುಟ್ಟಿತು. ಇವನು ಬೇಕೆಂದೇ ಮಾಡಿದನೇ?

“ಇನ್ನೂ ಎಚ್ಚರ ಇಲ್ಲ” ಎಂದೆ. “ರೂಬನ್, ನನ್ ಮುಖ ನೋಡಿ ಹೇಳು. ಏನಾಯ್ತು ಅವತ್ತು?”

“ಕಾಲ್ ಜಾರ್ತು ಅವಂದು. ಹುಲ್ಲು ಹಸಿ ಇತ್ತು.” ಒಲೆಯ ಕಡೆ ನೋಡಿಕೊಂಡೇ ಹೇಳಿದ. “ಏನೇ ನೀನು? ಹೆತ್ತ್ ಮಗನ್ ಥರ ಸಾಕಿ ಕಲಿಸ್ದೋನು ನಾನು. ನನ್ನನ್ನೇ ಕೇಳ್ತೀಯಲ್ಲ.”

ಅವನು ಒಲೆಯ ಬೂದಿಯನ್ನು ಬರಿಗೈಯಲ್ಲಿ ಕೆದಕುತ್ತಿದ್ದ. ಅದನ್ನು ನೋಡಿ ನನಗೆ ಅಯ್ಯೋ ಎನ್ನಿಸಿತು, ಆ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು. ಹಿಡಿದುಕೊಳ್ಳಲಿಲ್ಲ. ಬಟ್ಟೆ ಗಂಟು ಕಟ್ಟಿದೆ.

ಹೊರಗೆ ಬಂದರೆ ವಾಂಪ ಮುದುಕ ತನ್ನ ಅತಿ ದೊಡ್ಡ ಹಂದಿಯ ಕಾಲಿಗೆ ಹಗ್ಗ ಹಾಕುತ್ತಿದ್ದ. ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಒಬ್ಬನ ಕೈಯಿಂದ ಇನ್ನೊಂದು ಕುಲದವನು ಸತ್ತರೆ, ದೊಡ್ಡ ತೀರ್ಮಾನ ಆಮೇಲೆ ಆಗುತ್ತದೆ. ಅದಕ್ಕೆ ಮೊದಲು, ಹೆಣ ಮಣ್ಣಾಗುವ ಮುಂಚೆಯೇ, ಕೊಂದವರ ಕಡೆಯಿಂದ ಒಂದು ಹಂದಿ ಹೋಗಬೇಕು. ಹೊಟ್ಟೆ ತಣ್ಣಗೆ ಮಾಡುವ ಹಂದಿ ಎನ್ನುತ್ತೇವೆ ಅದನ್ನು. ತಗೊಂಡರೆ ಕೊಡಲಿ ಕೆಳಗಿಳಿಯುತ್ತದೆ. ಆದರೆ ಅದು ಸತ್ತವರಿಗೆ. ಉಸಿರಾಡುವವನಿಗೆ ಆ ಹಂದಿ ಒಯ್ಯುವುದೆಂದರೆ ಅವನು ಮಲಗಿದ್ದಾಗಲೇ ಗುಂಡಿಯ ಅಳತೆ ತೆಗೆದ ಹಾಗೆ.

“ಚಿಕ್ಕಯ್ಯ, ಏನ್ ಮಾಡ್ತಿದ್ದೀಯ? ಬದುಕಿದ್ದಾನೆ ಅವ್ನು!”

“ಗೊತ್ತು ಬಿಡಮ್ಮ. ಇವತ್ತಿದ್ದಾನೆ. ನಾಳೆ ಇರ್ದೇ ಹೋದ್ರೆ? ಮುಂಚೇನೇ ಕೊಟ್ಬಿಟ್ರೆ ನಮ್ ಹುಡುಗ್ರ ತಲೆ ಉಳಿಯುತ್ತೆ.”

“ನಿನ್ ತಲೇಲಿ ಗೆಣಸು ತುಂಬಿದ್ಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಂಗಾಗುತ್ತೆ! ಅವ್ರು ಏನ್ ತಿಳ್ಕೋತಾರೆ? ಇವ್ರು ಬೇಕೂಂತಲೇ ಮಾಡಿದ್ದಾರೆ, ಸಾಯ್ತಾನೆ ಅಂತ ಮೊದ್ಲೇ ಗೊತ್ತಿತ್ತು ಅಂತಾರೆ!”

“ಹೆಂಗಸ್ರಿಗೆ ಇವೆಲ್ಲ ತಿಳಿಯಲ್ಲ” ಎಂದ ಮುದುಕ. ದೇಶದ ಅಂಗಿಯ ಕಥೆ ಹೇಳುವಾಗಿನ ಅದೇ ದೊಡ್ಡಸ್ತಿಕೆ. ಗಟ್ಟಿಯಾಗಿ ಬೈದೆ. ಹಗ್ಗ ಕಿತ್ತುಕೊಳ್ಳಲು ಹೋದೆ, ನಾಲ್ವರು ಗಂಡಸರು ನನ್ನನ್ನು ಪಕ್ಕಕ್ಕೆ ಸರಿಸಿದರು. ಹೆದರಿದವರ ಕಿವಿಗೆ ಮಾತು ಹೋಗುವುದಿಲ್ಲ. ಹಂದಿಯನ್ನು ಟ್ರಕ್ಕಿಗೆ ಹೇರಿದರು, ಮುದುಕನೂ ಹತ್ತಿದ, ಅವನ ಜೊತೆ ಹೋದವರು ಇಗರ್ಜಿಯ ಹಿರಿಯರು ಎನ್ನಿಸಿಕೊಂಡವರು. ನಾನೂ ಅದೇ ಟ್ರಕ್ಕಿನ ಹಿಂಬದಿಗೆ ಹಾರಿಕೊಂಡೆ. ದಾರಿಯುದ್ದಕ್ಕೂ ಆ ಹಂದಿ ನನ್ನ ಕಾಲಿನ ಮೇಲೆ ಒರಗಿ ಗುರುಗುಟ್ಟುತ್ತಿತ್ತು.

ಆಸ್ಪತ್ರೆಯ ಗೇಟಿನಲ್ಲಿ ಟ್ರಕ್ಕು ನಿಂತಿತು. ಹಂದಿಯನ್ನು ನೋಡಿದ ತಕ್ಷಣ ರೊಪಿಕಾದವರ ಮಾತು ನಿಂತುಹೋಯಿತು. ಒಬ್ಬ ಮುದುಕಿ, ನನ್ನ ಸೋದರತ್ತೆ, ಜೋಕಿಮ್ ಹೋದ ಎಂದು ತಿಳಿದು ಎದೆ ಬಡಿದುಕೊಂಡು ಅಳತೊಡಗಿದಳು. ನಾನು ಟ್ರಕ್ಕಿನಿಂದ ಧುಮುಕಿ, “ಇಲ್ಲ, ಇಲ್ಲ, ಇದ್ದಾನೆ!” ಎಂದು ಕೂಗಿಕೊಂಡೆ.

ಅಪ್ಪ ಕೋಲು ಹೆರೆಯುವುದನ್ನು ನಿಲ್ಲಿಸಿ ಎದ್ದ.

“ಹೆಣ ಎಲ್ಲಿದೆ ವಾಂಪ?” ಎಂದ.

“ಮೆಕ್ ಅಣ್ಣ, ಹೊಟ್ಟೆ ತಣ್ಣಗೆ ಮಾಡ್ಕೊಳ್ಳಿ ಅಂತ…”

“ಹೆಣ ಎಲ್ಲಿದೆ ಅಂತ ಕೇಳ್ದೆ. ಹಂದಿ ತಂದಿದ್ದೀಯಲ್ಲ, ಹೆಣಾನೂ ತೋರ್ಸು.”

ಮುದುಕ ತೊದಲಿದ. ಗುಂಪಿನಿಂದ ಒಬ್ಬ ಕೂಗಿದ. “ಬೇಕೂಂತ ಮಾಡಿದ್ದಾರೆ! ಮೊದ್ಲೇ ಲೆಕ್ಕ ಹಾಕಿದ್ದಾರೆ!” ಇನ್ನೊಬ್ಬ ಟ್ರಕ್ಕಿನ ಗಾಜಿಗೆ ಕಲ್ಲೆಸೆದ. ಕೊಡಲಿಗಳು ಮೇಲೆದ್ದವು. ವಾಂಪ ಮುದುಕ ಟ್ರಕ್ಕಿನ ಕೆಳಗೆ ತೂರಿಕೊಂಡ. ನಾನು ಎರಡು ಕಡೆಯವರ ನಡುವೆ ನಿಂತು, ಎರಡೂ ಕೈ ಚಾಚಿ, ಬಾಯಿಗೆ ಬಂದದ್ದು ಬೈದೆ. ಅಜ್ಜಿಯ ಬಾಣದ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಅಪ್ಪ ಕೈ ಎತ್ತಿದ, ಎಲ್ಲರೂ ನಿಂತರು.

“ಇಲ್ಲೀವರ್ಗೂ ನಾನು ಒಂದೇ ಲೆಕ್ಕದಲ್ಲಿದ್ದೆ” ಎಂದ. “ಮಗ ಬದುಕಿದ್ರೆ ಜಗಳ ಇಲ್ಲ, ಹೋದ್ರೆ ಜಗಳ. ಈಗ ಹಂಗಿಲ್ಲ. ಈ ಹಂದಿ ಬಂದ್ಮೇಲೆ ಲೆಕ್ಕ ಬೇರೆ. ನನ್ ಮಗ ಬಾಯಿ ಬಿಟ್ಟು ಹೇಳ್ಬೇಕು. ಜಾರಿ ಬಿದ್ದೆ ಅಂದ್ರೆ ಸರಿ. ರೂಬನ್ ಬೇಕೂಂತ ಮಾಡ್ದ ಅಂದ್ರೆ, ಬದುಕಿದ್ರೂ ಜಗಳಾನೇ.” ನನ್ನ ಕಡೆ ತಿರುಗಿದ. “ನೀನ್ ಒಳಗಿರ್ತೀಯ. ಅವ್ನು ಕಣ್ ಬಿಟ್ಟ ತಕ್ಷಣ ಕೇಳ್ಕೊಂಡ್ ಬಾ.”

ಹಂದಿಯನ್ನೂ ಮುದುಕನನ್ನೂ ಅವರು ಗೇಟಿನ ಪಕ್ಕದ ಮರಕ್ಕೆ ಕಟ್ಟಿಹಾಕಿದರು. ಹೌದು, ಮುದುಕನನ್ನೂ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ.

ಮಂಚದ ಪಕ್ಕ ಕೂತು ನಾನು ಬೇಡಿಕೊಂಡದ್ದು ವಿಚಿತ್ರ. ತಮ್ಮಾ, ಕಣ್ಣು ಬಿಡು ಎಂದು ಬೇಡುತ್ತಿದ್ದೆ. ಬಿಡಬೇಡ ಎಂದೂ ಬೇಡುತ್ತಿದ್ದೆ. ಎಚ್ಚರವಾದರೆ ಮಾತಾಡುತ್ತಾನೆ. ಮಾತಾಡಿದರೆ ಏನು ಹೇಳುತ್ತಾನೆ? ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ನನಗೆ ದರಿಯೂ ನನ್ನದೇ, ಪುಲಿಯೂ ನನ್ನದೇ. ಸಿಸ್ಟರ್ ಒಂದು ಲೋಟ ಟೀ ತಂದಿಟ್ಟಳು. ಅದು ಆರಿ ಕೆನೆಗಟ್ಟಿತು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅವನ ಕೈಮೇಲೆ ಬಿದ್ದಾಗ ಬಲಗೈ ಬೆರಳು ಅಲ್ಲಾಡಿತು. ಕಣ್ಣು ಬಿಟ್ಟ. ನನ್ನನ್ನು ಗುರುತು ಹಿಡಿದ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. ಅತ್ತುಬಿಟ್ಟೆ, ಅಳುತ್ತಲೇ “ಪಾಪಿ, ಎಷ್ಟ್ ಹೆದರ್ಸಿಬಿಟ್ಯಲ್ಲೋ” ಎಂದು ಬೈದೆ.

“ಎಡಗೈ ಎಲ್ಲಿದೆ ಅಕ್ಕ?” ಎಂದ. ದನಿ ಗಾಳಿಯಷ್ಟೇ ಇತ್ತು. “ಗೊತ್ತೇ ಆಗ್ತಿಲ್ಲ.”

“ಇಲ್ಲೇ ಇದೆ ಕಣೋ. ಬರುತ್ತೆ. ನಿಧಾನಕ್ಕೆ ಬರುತ್ತೆ.” ಅವನ ಕಿವಿಯ ಹತ್ತಿರ ಬಗ್ಗಿದೆ. ಕೇಳದೆ ವಿಧಿಯಿರಲಿಲ್ಲ. “ಜೋಕಿಮ್, ಜಾರಿದ್ಯಾ ನೀನು?”

ಚಾವಣಿಯ ಕಡೆ ಕಣ್ಣು ತಿರುಗಿಸಿದ. ಆಮೇಲೆ ಹೇಳಿದ.

“ಇಬ್ರು ಹಿಡ್ಕೊಂಡಿದ್ರು. ನಾನು ನಿಂತ್ಬಿಟ್ಟಿದ್ದೆ ಅಕ್ಕ. ಆಯ್ತು ಅಂತ ಮೈ ಸಡ್ಲ ಮಾಡ್ದೆ. ಆಗ ಬಾವ ಬಂದ. ಮುಖ ನೋಡ್ದೆ. ಬಾವ, ಬ್ಯಾಡ, ಅಂದೆ. ಕೇಳಿಸ್ತು ಅವ್ನಿಗೆ. ಕೇಳಿಸ್ಕೊಂಡೇ ಎತ್ತಿ ತಲೆಕೆಳಗೆ ಬಿಟ್ಟ.”

ಮಂಚದ ಕಬ್ಬಿಣ ಹಿಡಿದುಕೊಂಡೆ. ಅನುಮಾನ ಇದ್ದಾಗ ಇದ್ದ ಹೆದರಿಕೆ ಒಂದು ತೂಕ. ತಿಳಿದ ಮೇಲೆ ಅದು ಹತ್ತು ತೂಕ. ನನ್ನ ಪಕ್ಕ ಮಲಗುವವನು, ನಾನು ಮಂಡಿಗೆ ಸೊಪ್ಪು ಕಟ್ಟಿದವನು.

“ಅಪ್ಪ ಬಂದಿದ್ದಾನಾ?” ಎಂದು ಕೇಳಿದ ಜೋಕಿಮ್.

“ಗೇಟಲ್ಲಿದ್ದಾನೆ. ಎಲ್ರೂ ಇದ್ದಾರೆ. ನೀನ್ ಏನ್ ಹೇಳ್ತೀಯೋ ಅಂತ ಕಾಯ್ತಿದ್ದಾರೆ.”

ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕಣಿವೆಯಲ್ಲಿ ಹುಟ್ಟಿದವನಿಗೆ ಅದರ ಅರ್ಥ ಗೊತ್ತು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು, ಒರೆಸಿಕೊಳ್ಳಲು ಕೈ ಬರಲಿಲ್ಲ, ನಾನೇ ಒರೆಸಿದೆ.

“ನೀನೇ ಹೇಳಕ್ಕ” ಎಂದ. “ನೀನು ಹೋಗಿ ಏನ್ ಹೇಳ್ತೀಯೋ, ಅದೇ ನನ್ ಮಾತು. ನಿನ್ ಬೆನ್ ಮೇಲೆ ಬೆಳ್ದೋನು ನಾನು.”

ವಾರ್ಡಿನಿಂದ ಗೇಟಿಗೆ ಏನು ಮಹಾ ದೂರ. ಅವತ್ತು ಅದು ಮುಗಿಯುವ ಹಾಗೇ ಕಾಣಲಿಲ್ಲ. ನಿಜ ಹೇಳಿದರೆ? ರೂಬನ್ ಬೇಲಿಯೊಳಗೆ ಅಡಗಿದ್ದಾನೆ, ಅವನು ಸಿಗುವುದಿಲ್ಲ. ಸಿಗುವವರು ಬೇಲಿ ಕಾಯುವ ಮಾಸ್ತರರು, ಕಾಫಿ ಕೊಯ್ಯಲು ಹೋದ ಯಾರೋ ಬಡಪಾಯಿ. ಆಮೇಲೆ ಅವರ ಕಡೆಯವರು ಸುಮ್ಮನಿರುತ್ತಾರೆಯೇ? ನನ್ನಪ್ಪ. ಆಮೇಲೆ ನನ್ನ ದೊಡ್ಡಪ್ಪನ ಮಕ್ಕಳು. ಸೇತುವೆ ಸುಡುತ್ತಾರೆ, ಮನೆಗಳನ್ನು ಸುಡುತ್ತಾರೆ. ಇನ್ನೊಂದು ಕಡೆ, ಸುಳ್ಳು ಹೇಳಿದರೆ? ನನ್ನ ತಮ್ಮನ ಕತ್ತು ಮುರಿದವನು ಆರಾಮವಾಗಿ ಹೊರಗೆ ಬರುತ್ತಾನೆ. ಬಂದು ನನ್ನ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಬಡಿಸುವವಳು ನಾನು.

ಗೇಟಿನಲ್ಲಿ ಎಲ್ಲರೂ ಎದ್ದು ನಿಂತರು. ಮರಕ್ಕೆ ಕಟ್ಟಿದ್ದ ವಾಂಪ ಮುದುಕ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ.

“ಹೇಳವ್ವ” ಎಂದ ಅಪ್ಪ.

“ಎಚ್ಚರ ಆಯ್ತು. ಕಾಲ್ ಜಾರ್ತಂತೆ. ಹುಲ್ಲು ಹಸಿ ಇತ್ತಂತೆ. ಬಾವ ಹಿಡ್ಕೊಳಕ್ ನೋಡ್ದ, ಆಗ್ಲಿಲ್ಲ ಅಂದ.”

ಗಂಡನ ಮಾತನ್ನೇ ನನ್ನ ಬಾಯಲ್ಲಿ ಹೇಳಿದೆ. ನಾಲಿಗೆಗೆ ಕಹಿ ಹತ್ತಿತು.

ಅಪ್ಪ ನನ್ನನ್ನು ಅಳೆದು ನೋಡಿದ. “ಗಂಡನ್ನ ಉಳಿಸ್ಕೊಳಕ್ ಹೇಳ್ತಿದ್ದೀಯಾ?”

ಆಗ ನನಗೆ ಬಂದ ಸಿಟ್ಟು ಸುಳ್ಳಲ್ಲ. ಅದೊಂದೇ ನಿಜ ಅವತ್ತು. “ಗಂಡ ಹಾಳಾಗ್ ಹೋಗ್ಲಿ! ಅವ್ನ್ ಮುಖಕ್ಕೆ ಮಣ್ ಹಾಕ! ಒಳಗ್ ಮಲ್ಗಿರೋನು ನಾನ್ ಸಾಕಿದ್ ಮಗು. ಅವ್ನಿಗೆ ನೀರ್ ಕುಡ್ಸೋದ್ ಬಿಟ್ಟು ನಿಮ್ ಕೊಡಲಿಗೆ ಉತ್ತರ ಹೇಳಕ್ ಬಂದಿದ್ದೀನಲ್ಲ, ನಾನೆಂಥ ಮೂಳಿ! ನಂಬಿಕೆ ಇಲ್ದಿದ್ರೆ ನೀನೇ ಹೋಗಿ ಕೇಳು!”

ಅಪ್ಪ ಕತ್ತಿಯನ್ನು ಗೇಟಿನಲ್ಲಿಟ್ಟು ಒಳಗೆ ಬಂದ. ಮಂಚದ ಪಕ್ಕ ನಿಂತು ಮಗನ ಹೊದಿಕೆ ಸರಿಮಾಡಿದ. “ಜಾರಿದ್ಯಾ ಮಗ?” ಎಂದ. ಜೋಕಿಮ್ ನನ್ನ ಕಡೆ ನೋಡಿದ. ಆಮೇಲೆ ಅಪ್ಪನಿಗೆ “ಹ್ಞೂ” ಎಂದ. ಅಪ್ಪ ನಂಬಿದನೋ, ನಂಬಿದ ಹಾಗೆ ಮಾಡಿದನೋ, ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಬದುಕಿದ್ದವನಿಗೆ ಸಾವಿನ ಹಂದಿ ತಂದ ತಪ್ಪಿಗೆ ಮೊಗಿಕಾದವರು ಇನ್ನಷ್ಟು ಹಂದಿ ಕೊಟ್ಟು ಕೈಮುಗಿಯಬೇಕಾಯಿತು. ಎರಡೂ ಕುಲದವರು ಕೂತು ತಿಂದರು. ನಾನು ಒಂದು ತುಂಡೂ ಮುಟ್ಟಲಿಲ್ಲ.

ನಾನು ಗಂಡನ ಊರಿಗೆ ಮರಳಿದ ದಿನ, ಸುದ್ದಿ ತಿಳಿದಿದ್ದ ರೂಬನ್ ಅಂಗಳಕ್ಕೆ ಓಡಿಬಂದ. ಅತ್ತ, ನಕ್ಕ, ನನ್ನ ಕೈ ಹಿಡಿದು, “ನೋಡ್ದಾ? ಅವ್ನೇ ಹೇಳ್ದ ನೋಡು. ಜಾರಿದ್ದು ಅಂತ ನಾನ್ ಅವತ್ತೇ ಹೇಳ್ಲಿಲ್ವಾ?” ಎಂದ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ನಾನು ಗೇಟಿನಲ್ಲಿ ಹೆತ್ತ ಸುಳ್ಳನ್ನು ಅವನು ಬಿಸಿಬಿಸಿಯಾಗಿ ತಿಂದು ನಿಜ ಮಾಡಿಕೊಂಡುಬಿಟ್ಟಿದ್ದ. ನನಗೆ ಅವನು ಎತ್ತಿ ಕುಕ್ಕಿದ್ದಕ್ಕಿಂತ ಇದು ಹೆಚ್ಚು ಹೆದರಿಕೆಯಾಯಿತು. ಕೈ ಬಿಡಿಸಿಕೊಂಡೆ, ಒಲೆಯ ಮೇಲೆ ಗೆಣಸು ಇದೆ ಎಂದೆ.

ಕೋಚು ರೂಬನ್ನನನ್ನೇ ಕರೆದೊಯ್ದ. ಬೇರೆ ಯಾರಿದ್ದರು? ವಿಮಾನದ ಬಯಲಿನಲ್ಲಿ ಇಡೀ ಮೊಗಿಕಾ ಕುಲ ಹಾಡಿ ಕುಣಿದು ಕಳಿಸಿತು. ಮೂವತ್ತರ ಹತ್ತಿರ, ಮುರುಕು ಮಂಡಿಯಲ್ಲಿ, ಅವನು ಅಲ್ಲಿ ಹೆಸರು ಮಾಡಿದ ನೋಡಿ. ಯಾರಿಗೂ ಹೆದರದೆ ನುಗ್ಗುತ್ತಾನೆ ಎಂದು ಟೀವಿಯವರು ಹೊಗಳುತ್ತಾರಂತೆ.

ಜೋಕಿಮ್ ಎದ್ದು ಓಡಾಡುತ್ತಾನೆ. ಎಡಗೈ ಮೇಲೆ ಬರುವುದಿಲ್ಲ. ಅವನನ್ನು ನೋಡಿಕೊಳ್ಳುತ್ತೇನೆ ಎಂದು ನಾನು ತವರಿನಲ್ಲೇ ಉಳಿದಿದ್ದೇನೆ. ಭಾನುವಾರ ಟೀವಿ ಇರುವ ಮನೆಯಲ್ಲಿ ಎರಡೂ ದಡದವರು ಸೇರುತ್ತಾರೆ, ಜೋಕಿಮ್ಮನಿಗೆ ಎಲ್ಲರಿಗಿಂತ ಮುಂದೆ ಚಾಪೆ. “ನಮ್ ಬಾವ! ಹಾಕು ಬಾವ!” ಎಂದು ಅವನು ಬಲಗೈಯಿಂದ ತೊಡೆ ತಟ್ಟಿಕೊಂಡು ಕೂಗುತ್ತಾನೆ. ಎಂಥ ದೊಡ್ಡ ಮನಸ್ಸು ಎಂದು ಜನ ಮೆಚ್ಚುತ್ತಾರೆ. ಹೋದ ತಿಂಗಳು ಒಂದು ಪಂದ್ಯದಲ್ಲಿ ಇಬ್ಬರು ಒಬ್ಬನನ್ನು ಹಿಡಿದಿದ್ದರು, ರೂಬನ್ ಮೂರನೆಯವನಾಗಿ ಬಂದ. ಬಗ್ಗಿದ. ಮನೆಗೆ ಮನೆಯೇ ಹೋ ಎಂದು ಎದ್ದು ನಿಂತಿತು. ಜೋಕಿಮ್ಮನ ಬಲಗೈ ಮಾತ್ರ ತೊಡೆಯಿಂದ ಎದ್ದು ಕತ್ತನ್ನು ಮುಚ್ಚಿಕೊಂಡಿತು. ಅವನ ಮುಖ ಬೂದಿಯಾಗಿತ್ತು. ನಾನು ಅವನನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದೆ. ಮಾತ್ರೆಯ ಹೊತ್ತಾಯಿತು ಎಂದು ಜನಕ್ಕೆ ಹೇಳಿದೆ.

ರೂಬನ್ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಊರಿನ ಸುದ್ದಿ, ಹಂದಿಗಳ ಸುದ್ದಿ ಕೇಳುತ್ತಾನೆ. ಇಡುವ ಮುಂಚೆ, ಏನೋ ಮರೆತವನ ಹಾಗೆ, “ನಿನ್ ತಮ್ಮ ಏನಂತಾನೆ?” ಎನ್ನುತ್ತಾನೆ. ಪ್ರತಿ ವಾರವೂ.

ಮೊನ್ನೆ ಫೋನಿನಲ್ಲಿ ದನಿ ತುಂಬ ಮೆತ್ತಗಿತ್ತು. “ಮನೆ ಸಿಕ್ಕಿದೆ ಕಣೇ. ಟಿಕೆಟ್ ಕಳಿಸ್ತೀನಿ, ಬಂದ್ಬಿಡು. ನಾವಿಬ್ರೇ.”

ನಾವಿಬ್ಬರೇ. ಈ ಕಣಿವೆಯಲ್ಲಾದರೆ ಅವನು ತನ್ನ ದಡದಲ್ಲಿ ಗಂಟಲೆತ್ತಿದರೂ ಹೊಳೆಯಾಚೆ ಅಪ್ಪನಿಗೆ ಕೇಳಿಸುತ್ತದೆ. ಅಲ್ಲಿ ನನಗೆ ಯಾವ ದಡ? ನನಗೆ ಏನು ಗೊತ್ತು ಎಂಬುದು ಅವನಿಗೆ ಗೊತ್ತಿದೆಯೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಬೇಡ ಎಂದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದು ಹೇಳಿದರೆ ನಾನು ಆ ಗೇಟಿನಲ್ಲಿ ಉಳಿಸಿದ್ದೆಲ್ಲ ಹೊತ್ತಿಕೊಳ್ಳುತ್ತದೆ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಕೇಳಿಸ್ತಾ? ಅಂದ್ಹಾಗೆ, ನಿನ್ ತಮ್ಮ… ಇನ್ನೂ ಜಾರಿ ಬಿದ್ದೆ ಅಂತಾನೇ ತಾನೇ ಹೇಳೋದು?”

“ಹ್ಞೂ ಕಣೋ, ಹಂಗೇ ಅಂತಾನೆ” ಎಂದೆ. ಆಮೇಲೆ ಬಂದ ಮಾತು ನನ್ನದೇ, ಆದರೆ ಯಾವಾಗ ಬಾಯಿಗೆ ಬಂತೋ ತಿಳಿಯದು. “ನಾನು ಇಲ್ಲಿ ಅವ್ನ್ ಪಕ್ಕ ಇರೋವರ್ಗೂ ಹಂಗೇ ಅಂತಾನೆ.”

ಆ ಕಡೆ ಉಸಿರು ಮಾತ್ರ ಕೇಳಿಸಿತು. ಪಂದ್ಯದ ಮರುದಿನ ಹಲ್ಲು ಕಚ್ಚಿಕೊಂಡು ಬಿಡುತ್ತಿದ್ದನಲ್ಲ, ಅಂಥ ಉಸಿರು.

“ಸರಿ ಹಂಗಾದ್ರೆ” ಎಂದ ಕಡೆಗೆ, “ನೀನ್ ಅಲ್ಲೇ ಇರು.”

ಫೋನು ಇಟ್ಟ ಮೇಲೆ ನಾನು ಅಂಗಳದಲ್ಲೇ ಕೂತುಬಿಟ್ಟೆ. ಅವನೂ ಅಲ್ಲಿ ಎಲ್ಲೋ ಕೂತಿರಬೇಕು, ನನಗೆ ಹೆದರಿಕೊಂಡು.